ಏಳು ಗ್ರೀಕ್ ಹೆಸರುಗಳು

ಆದಿ ಕ್ರೈಸ್ತ ಸಭೆಯೆಂದೊಡನೆ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ಹುತಾತ್ಮರು, ರೋಮಿನ ಅಖಾಡ, ಹಸಿದ ಸಿಂಹಗಳು. ಆದರೆ ಆ ಸಭೆಯ ಮೊದಮೊದಲ ಬಿಕ್ಕಟ್ಟುಗಳಲ್ಲೊಂದು ಹುಟ್ಟಿದ್ದು ಊಟದ ಪಂಕ್ತಿಯಲ್ಲಿ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದ ಆರನೆಯ ಅಧ್ಯಾಯವನ್ನು ನಮ್ಮ ಬಳಗ ಒಟ್ಟಿಗೆ ಕುಳಿತು ಓದಿದಾಗ ಚರ್ಚೆ ಅಲ್ಲಿಯೇ ನಿಂತುಬಿಟ್ಟಿತು. ನಮ್ಮಲ್ಲಿ ಕ್ರೈಸ್ತರೂ ಇದ್ದಾರೆ, ಇತರರೂ ಇದ್ದಾರೆ. ಆ ಅಧ್ಯಾಯ ಮಾತ್ರ ಎಲ್ಲರಿಗೂ ಪರಿಚಿತವೆನಿಸಿತು.

ಯೆರೂಸಲೇಮಿನ ವಿಶ್ವಾಸಿಗಳು ದಿಕ್ಕಿಲ್ಲದ ವಿಧವೆಯರಿಗೆ ದಿನನಿತ್ಯ ಆಹಾರ ಹಂಚುತ್ತಿದ್ದರು. ಆ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ಗೊಣಗು ಎದ್ದಿತು. ಅವರೂ ಯೆಹೂದ್ಯರೇ, ಅದೇ ವಿಶ್ವಾಸದವರೇ. ಮನೆಮಾತು ಮಾತ್ರ ಬೇರೆ. ಯಾರೂ ಬೇಕೆಂದು ಅವರನ್ನು ಉಪವಾಸ ಕೆಡವಿದರೆಂದು ಗ್ರಂಥ ಹೇಳುವುದಿಲ್ಲ. ಬಡಿಸುವವರ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಪರಭಾಷೆಯ ಊರಿನಲ್ಲಿ ಬಾಳಿದವರಿಗೆ ಈ ‘ಅಷ್ಟೆ’ಯ ತೂಕ ಗೊತ್ತು.

ನಾವು ಮೆಚ್ಚಿದ್ದು ಅನಂತರ ನಡೆದುದನ್ನು. ಗೊಣಗಿದವರನ್ನು ಒಗ್ಗಟ್ಟು ಮುರಿಯುವವರೆಂದು ಅಪೊಸ್ತಲರು ಗದರಿಸಲಿಲ್ಲ. ಪ್ರಾರ್ಥನೆ ಮಾಡಿರಿ, ಎಲ್ಲವೂ ಸರಿಹೋದೀತು ಎಂದು ಸಾಗಹಾಕಲೂ ಇಲ್ಲ. ಸಭೆ ಕರೆದರು, ಏಳು ಜನರನ್ನು ಆರಿಸಿಕೊಳ್ಳಿರೆಂದರು. ಸಭೆ ಆರಿಸಿದ್ದು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ ಇವರನ್ನು. ಏಳೂ ಗ್ರೀಕ್ ಹೆಸರುಗಳು! ಆ ಕಾಲದಲ್ಲಿ ಯೆಹೂದ್ಯರು ಗ್ರೀಕ್ ಹೆಸರಿಟ್ಟುಕೊಳ್ಳುವುದು ಅಪರೂಪವಲ್ಲವಾದರೂ, ಏಳಕ್ಕೆ ಏಳೂ ಹಾಗಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ದೂರು ಕೊಟ್ಟ ಪಕ್ಷದ ಕೈಗೇ ಸೌಟು ಕೊಟ್ಟರು. ಅಲ್ಪಸಂಖ್ಯಾತರಿಗೆಂದು ಒಂದು ಸ್ಥಾನ ಮೀಸಲಿಟ್ಟು ಕೈತೊಳೆದುಕೊಳ್ಳಲಿಲ್ಲ.

ಈ ಊಟದ ಲೆಕ್ಕ ಮುಂದೆ ಶತಮಾನಗಳ ಕಾಲ ನಡೆಯಿತು. 155ರ ಸುಮಾರಿಗೆ ರೋಮಿನಲ್ಲಿ ಬರೆಯುತ್ತಿದ್ದ ಜಸ್ಟಿನ್, ಭಾನುವಾರದ ಆರಾಧನೆಯನ್ನು ವರ್ಣಿಸುವಾಗಲೇ ಅಲ್ಲಿ ಕೂಡಿಸಿದ ಹಣ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಾಳುಗಳಿಗೂ ಸಲ್ಲುತ್ತಿತ್ತೆಂದು ತಿಳಿಸುತ್ತಾನೆ. 251ರ ವೇಳೆಗೆ ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ದೀನರನ್ನೂ ಸಲಹುತ್ತಿತ್ತೆಂದು ಬಿಷಪ್ ಕೊರ್ನೇಲಿಯಸನ ಪತ್ರದಿಂದ ತಿಳಿಯುತ್ತದೆ. ಅದು ಕಾನೂನಿನ ಮನ್ನಣೆಯಿಲ್ಲದ, ಆಗತಾನೆ ಡೇಸಿಯಸ್ ಚಕ್ರವರ್ತಿಯ ಕಿರುಕುಳಕ್ಕೆ ಸಿಕ್ಕಿ ನಲುಗಿದ ಸಭೆ. ಅದರ ಮರುವರ್ಷವೇ ಕಾರ್ಥೇಜಿನಲ್ಲಿ ಮಹಾಮಾರಿ ಹರಡಿದಾಗ ಬಿಷಪ್ ಸಿಪ್ರಿಯನ್ ತನ್ನವರಿಗಷ್ಟೇ ಅಲ್ಲ, ಪೀಡಿಸಿದವರಿಗೂ ಆರೈಕೆ ಸಲ್ಲಬೇಕೆಂದು ಬೋಧಿಸಿದ. ಕೊನೆಗೆ ಹಳೆಯ ದೇವತೆಗಳ ಪಕ್ಷ ಹಿಡಿದ ಜೂಲಿಯನ್ ಚಕ್ರವರ್ತಿಯೇ 362ರ ಸುಮಾರಿಗೆ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ತಮ್ಮ ಬಡವರೊಡನೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆಂದು ಕಿಡಿಕಾರಿದ. ವಿರೋಧಿಯ ಸಾಕ್ಷ್ಯವೆಂದೇ ನಾವು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ.

ಎಲ್ಲವೂ ಬಂಗಾರವಾಗಿತ್ತೆಂದಲ್ಲ. ಕೊರಿಂಥದಲ್ಲಿ ಉಳ್ಳವರು ಪ್ರಭುಭೋಜನಕ್ಕೆ ಮುಂಚಿತವಾಗಿ ಉಂಡು ಕುಡಿದು ತೇಗುತ್ತಿರುವಾಗ ಇಲ್ಲದವರು ಹಸಿದು ಕೂರುತ್ತಿದ್ದರೆಂದು ಪೌಲನೇ ಸಿಟ್ಟಾಗಿ ಬರೆದಿದ್ದಾನೆ. ನಮ್ಮ ಬಳಗದ ಹಿರಿಯರೊಬ್ಬರು ಇಲ್ಲಿ ಶರಣರ ದಾಸೋಹವನ್ನು ನೆನೆದರು. ಎರಡೂ ಒಂದೇ ಎನ್ನಲಾರೆವು. ಆದರೆ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆಂಬುದೇ ಭಕ್ತಿಯ ಪರೀಕ್ಷೆಯೆಂಬ ಮಾತು ಕನ್ನಡದ ಕಿವಿಗೆ ಹೊಸತಲ್ಲ.

ಈ ಮುಂಬಯಿಯಲ್ಲೇ ಇರುವ ಒಂದು ಸಂಘದ ಸಂಗತಿ ಆ ದಿನ ಮಾತಿಗೆ ಬಂತು. ಅಲ್ಲಿ ಸದಸ್ಯತ್ವ ಗಂಡಂದಿರ ಹೆಸರಿನಲ್ಲಿ. ಗಂಡ ತೀರಿಕೊಂಡ ಮೇಲೆ ವಾರ್ಷಿಕೋತ್ಸವದ ಆಮಂತ್ರಣ ಆ ಮನೆಗೆ ಹೋಗುವುದಿಲ್ಲ. ದ್ವೇಷದಿಂದಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಮಕ್ಕಳು ದೂರದೇಶದಲ್ಲಿ, ಮೊಮ್ಮಕ್ಕಳಿಗೆ ಕನ್ನಡ ಬಾರದು. ಚಾಳಿನ ಮೂರನೆಯ ಮಹಡಿಯಲ್ಲಿ ಅಂಥ ಒಬ್ಬ ಅಜ್ಜಿ ದಿನಗಟ್ಟಲೆ ಮನೆಮಾತಿನ ಒಂದು ಶಬ್ದ ಕೇಳದೆ ಕಳೆಯುತ್ತಾರೆ. ಅವರಿಗೆ ಅನ್ನದ ಕೊರತೆಯಿಲ್ಲ. ಆಸ್ಪತ್ರೆಯಲ್ಲಿ ನೋವು ಎಲ್ಲಿ, ಎಂಥದು ಎಂದು ಕೇಳಿದರೆ ಮರಾಠಿಯಲ್ಲಿ ಅರ್ಧ ಹೇಳಿ ಸುಮ್ಮನಾಗುತ್ತಾರೆ.

ಈಗ ನಮ್ಮಲ್ಲಿ ಇಬ್ಬರು ತಿಂಗಳಿಗೆರಡು ಬಾರಿ ಅವರನ್ನೂ ಅಂಥ ಇನ್ನು ಕೆಲವರನ್ನೂ ಕಾಣಲು ಹೋಗುತ್ತಾರೆ, ಆಸ್ಪತ್ರೆಗೂ ಜೊತೆಯಾಗುತ್ತಾರೆ. ಮೊದಲು ಯಾರ ಮನೆಗೆ ಹೋಗಬೇಕೆಂದು ತೀರ್ಮಾನಿಸುವವರು ಆ ಅಜ್ಜಿಯೇ. ಬಿಟ್ಟುಹೋದವರು ಯಾರೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಆ ಏಳು ಜನರಲ್ಲಿ ಸ್ತೆಫನ ಬೇಗನೆ ಕಲ್ಲೇಟಿಗೆ ಬಲಿಯಾದ. ಫಿಲಿಪ್ಪ ಸಮಾರ್ಯದಲ್ಲಿ ಸುವಾರ್ತೆ ಸಾರಿದ, ಗಾಜಾದ ದಾರಿಯಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬನಿಗೆ ಗ್ರಂಥ ಬಿಡಿಸಿ ಹೇಳಿದ, ದೊಡ್ಡ ಹೆಸರು ಪಡೆದ. ವರ್ಷಗಳ ಬಳಿಕ ಪೌಲ ಕೈಸರೈಯದಲ್ಲಿ ಅವನ ಮನೆಗೆ ಅತಿಥಿಯಾಗಿ ಬರುತ್ತಾನೆ. ಅಲ್ಲಿ ಗ್ರಂಥಕರ್ತ ಫಿಲಿಪ್ಪನನ್ನು ಸುವಾರ್ತಿಕನೆಂದು ಕರೆದು, ಅಷ್ಟಕ್ಕೇ ನಿಲ್ಲಿಸದೆ, ಆ ಏಳು ಮಂದಿಯಲ್ಲಿ ಒಬ್ಬನೆಂದೂ ಸೇರಿಸುತ್ತಾನೆ.