ಮನೆಯಲ್ಲಿ ಮಕ್ಕಳ ಚಿತ್ರಾಭ್ಯಾಸ

ನಮ್ಮ ನಾಡಿನ ಯಾವ ಊರಿನ ಯಾವ ಮಗುವಿನ ಕೈಗೆ ಕಾಗದವನ್ನೂ ಬಣ್ಣದ ಕಡ್ಡಿಯನ್ನೂ ಕೊಟ್ಟರೂ ಅದು ಬಹುಮಟ್ಟಿಗೆ ಒಂದೇ ಚಿತ್ರವನ್ನು ಬರೆಯುವುದೆಂಬುದನ್ನು ತಾಯಂದಿರಾದ ನೀವೆಲ್ಲರೂ ಬಲ್ಲಿರಿ. ಮುಕ್ಕೋಣಾಕಾರದ ಎರಡು ಬೆಟ್ಟಗಳು, ಅವುಗಳ ನಡುವಿನಿಂದ ಇಣಿಕಿ ನೋಡುವ ಸೂರ್ಯನು, ಹಂಚಿನ ಮನೆಯೊಂದು, ಅದರ ಪಕ್ಕದಲ್ಲಿ ಓರೆಯಾಗಿ ನಿಂತ ತೆಂಗಿನ ಮರ, ಮುಂದೆ ಹರಿಯುವ ಹೊಳೆ, ಮೇಲೆ ನಾಲ್ಕು ಹಕ್ಕಿಗಳು. ನಮ್ಮ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾನೂ ಇದನ್ನೇ ಬರೆದೆನು. ನನ್ನ ಮಗಳೂ ಬರೆದಳು. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗಳೂ ಹಗಲಿಗೆ ಮೂರು ಸಲದಂತೆ ಇದನ್ನೇ ಬರೆಯುತ್ತಿದ್ದಳು. ನಾವು ವಾಸಿಸುವ ನಂದಿನಿ ಲೇಔಟಿನಲ್ಲಿ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಕಿಟಕಿಯಿಂದ ಕಾಣುವುದು ಮೇಲ್ಮಾಳಿಗೆಯ ಕಪ್ಪು ನೀರಿನ ತೊಟ್ಟಿಗಳು, ಒಂದರ ಮೇಲೊಂದು ಹೆಣೆದುಕೊಂಡ ತಂತಿಗಳು, ಒಣಗಲು ಹಾಕಿದ ಬಟ್ಟೆಗಳು. “ಮಗು, ಈ ಮನೆ ಎಲ್ಲಿದೆ?” ಎಂದು ಒಂದು ದಿನ ಕೇಳಿದೆನು. “ಎಲ್ಲಿಯೂ ಇಲ್ಲ ಅಜ್ಜಿ, ಇದು ಚಿತ್ರ” ಎಂದಳು.

ಈ ಉತ್ತರವು ನನ್ನನ್ನು ಬಹಳ ಹೊತ್ತು ಯೋಚನೆಗೀಡುಮಾಡಿತು. ಚಿತ್ರವೆಂದರೆ ಕಣ್ಣಿಗೆ ಕಾಣದ್ದು, ಯಾರೋ ಹೇಳಿಕೊಟ್ಟದ್ದು ಎಂದು ಆರು ವರ್ಷದ ಮಗುವು ನಿಶ್ಚಯಿಸಿಕೊಂಡುಬಿಟ್ಟಿತ್ತು. ಅದಕ್ಕೆ ಕಾರಣವೂ ಉಂಟು. ಅದಕ್ಕೆ ಒಂದು ವರುಷ ಮೊದಲು ಅವಳು ಹಾಗಿರಲಿಲ್ಲ; ಗೋಡೆ ನೆಲ ಎನ್ನದೆ ಮನಸ್ಸಿಗೆ ಬಂದುದನ್ನೆಲ್ಲ ಗೀಚುತ್ತಿದ್ದಳು. ನಮ್ಮ ಬೀದಿಗೆ ದಿನವೂ ಬಂದು ತರಕಾರಿಯ ಸಿಪ್ಪೆಯನ್ನು ತಿಂದುಹೋಗುವ ಹಸುವೊಂದನ್ನು ನೀಲಿಯ ಬಣ್ಣದಲ್ಲಿ ಬರೆದು, ತಾನು ಹೋಗುತ್ತಿದ್ದ ಚಿತ್ರದ ತರಗತಿಯೊಂದಕ್ಕೆ ಸಂಭ್ರಮದಿಂದ ತೆಗೆದುಕೊಂಡು ಹೋದಳು. ಅಲ್ಲಿ ಅದರ ಮೇಲೆ ಕೆಂಪು ಗೀಟು ಬಿದ್ದಿತು. ಹಸುವು ಬಿಳಿದಾಗಿಯೋ ಕಂದಾಗಿಯೋ ಕಪ್ಪಾಗಿಯೋ ಇರತಕ್ಕದ್ದು, ನೀಲಿಯಾಗಿರಲಾರದು ಎಂದು ಹೇಳಿದರಂತೆ. ಅಂದಿನಿಂದ ಅವಳು ಆ ಎರಡು ಬೆಟ್ಟಗಳ ಹಿಂದೆ ಅಡಗಿಕೊಂಡಳು. ಯಾರೂ ತಪ್ಪೆನ್ನಲಾರದ ಚಿತ್ರ ಅದೊಂದೇ ಅಲ್ಲವೇ? ನಾಲ್ಕು ವರ್ಷದ ಅವಳ ತಮ್ಮನು ಅಕ್ಕನನ್ನು ನೋಡಿ ತಾನೂ ಬೆಟ್ಟಗಳನ್ನೇ ಬರೆಯಲಾರಂಭಿಸಿದ್ದನು.

ಮಕ್ಕಳ ತಂದೆತಾಯಿಗಳಿಬ್ಬರೂ ಉದ್ಯೋಗದಲ್ಲಿರುವುದರಿಂದ ಶಾಲೆ ಬಿಟ್ಟ ಮೇಲಿನ ಹೊತ್ತು ನನ್ನ ಪಾಲಿನದು. ನಾನು ಕಲಾವಿದೆಯಲ್ಲ. ನಮ್ಮ ಪಾಠಶಾಲೆಯ ಚಿತ್ರದ ಉಪಾಧ್ಯಾಯಿನಿಯವರು ಮೇಜಿನ ಮೇಲೆ ಒಂದು ಎಲೆಯನ್ನಿಟ್ಟು, ಸೀಸದಕಡ್ಡಿಯನ್ನು ಮುಟ್ಟುವುದಕ್ಕೆ ಮೊದಲು ಹತ್ತು ನಿಮಿಷ ಅದನ್ನು ಸುಮ್ಮನೆ ನೋಡಬೇಕೆಂದು ವಿಧಿಸುತ್ತಿದ್ದುದು ಮಾತ್ರ ನೆನಪಿನಲ್ಲಿತ್ತು. ಆಗ ಅದು ನಮಗೆ ಶಿಕ್ಷೆಯಂತೆ ತೋರುತ್ತಿತ್ತು.

ಮೊದಲು ನಾನು ಮಾಡಿದ್ದು ಇಷ್ಟೇ. ಫ್ರಾನ್ಜ್ ಮಾರ್ಕ್ ಎಂಬ ಜರ್ಮನ್ ಚಿತ್ರಕಾರನು 1911ರಲ್ಲಿ ಬರೆದ ದೊಡ್ಡ ನೀಲಿ ಕುದುರೆಗಳ ಚಿತ್ರವನ್ನು ಮಗಳ ದೂರವಾಣಿಯಲ್ಲಿ ತೆರೆಯಿಸಿ ಮೊಮ್ಮಗಳ ಮುಂದೆ ಹಿಡಿದೆನು. ಮೂರು ಕುದುರೆಗಳು, ಕತ್ತು ಬಾಗಿಸಿ, ಅಚ್ಚ ನೀಲಿಯಾಗಿ ನಿಂತಿವೆ. ಅದೇ ವರುಷ ಅವನು ಹಳದಿಯ ಹಸುವನ್ನೂ ಬರೆದಿದ್ದಾನೆ. ಮಗುವು ಬಹಳ ಹೊತ್ತು ನೋಡಿ, “ಇವನಿಗೆ ಯಾರೂ ಗೀಟು ಹಾಕಲಿಲ್ಲವೇ?” ಎಂದು ಕೇಳಿದಳು. ಬೈದವರು ಇದ್ದರು, ಆದರೂ ಅವನು ಬರೆಯುವುದನ್ನು ಬಿಡಲಿಲ್ಲ ಎಂದೆನು. ಅವನು 36ನೆಯ ವಯಸ್ಸಿನಲ್ಲಿಯೇ, 1916ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದನೆಂಬುದನ್ನು ಆಗ ಹೇಳಲಿಲ್ಲ. ಆ ಸಂಜೆ ಅವಳು ತಾನಾಗಿಯೇ, ಕ್ಯಾಲೆಂಡರಿನ ಕೃಷ್ಣನು ನೀಲಿಯಾಗಿರಬಹುದಾದರೆ ಅವನ ಹಸುವೂ ಇರಬಹುದಲ್ಲವೇ ಎಂದು ತಮ್ಮನಿಗೆ ವಾದಿಸುತ್ತಿದ್ದುದನ್ನು ಅಡಿಗೆಮನೆಯಿಂದ ಕೇಳಿಸಿಕೊಂಡೆನು.

ಇಲ್ಲಿ ಒಂದು ಮಾತು. ಪ್ರಸಿದ್ಧ ಚಿತ್ರಕಾರರನ್ನು ಮಕ್ಕಳಿಗೆ ಪರಿಚಯ ಮಾಡಿಸಬೇಕೆಂಬ ಆಸೆಯು ಈಗ ಅನೇಕ ಮನೆಗಳಲ್ಲಿ ಉಂಟು. ಅದಕ್ಕೆಂದೇ ಪೆಟ್ಟಿಗೆಗಳು ಅಂಗಡಿಯಲ್ಲಿ ಮಾರಾಟಕ್ಕಿವೆ. ವಾನ್ ಗೋ ಎಂಬವನ ನಕ್ಷತ್ರಗಳ ರಾತ್ರಿಯನ್ನು ಸಣ್ಣ ಸಣ್ಣ ಮನೆಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಒಂದು ಅಂಕೆಯನ್ನು ಕೊಟ್ಟು, ಅಂಕೆಯ ಪ್ರಕಾರ ಬಣ್ಣ ತುಂಬುವಂತೆ ಮಾಡಿರುತ್ತಾರೆ. ನಮ್ಮ ಮನೆಗೂ ಒಂದು ಉಡುಗೊರೆಯಾಗಿ ಬಂದಿತು. ಕೊಟ್ಟವರ ಪ್ರೀತಿಗೆ ನಾನು ಋಣಿ; ಆದರೆ ಆ ಪೆಟ್ಟಿಗೆಗೂ ಕೆಂಪು ಗೀಟಿಗೂ ನನಗೆ ಹೆಚ್ಚಿನ ಭೇದ ಕಾಣಲಿಲ್ಲ. ಚಿತ್ರಕಾರರಿಂದ ನಾವು ಎರವಲು ತರಬೇಕಾದದ್ದು ಅವರ ಚಿತ್ರವನ್ನಲ್ಲ, ಅವರು ಕೆಲಸಮಾಡಿದ ರೀತಿಯನ್ನು. ವಾನ್ ಗೋ 1889ರಲ್ಲಿ ಆ ಚಿತ್ರವನ್ನು ಬರೆದಾಗ ಫ್ರಾನ್ಸ್ ದೇಶದ ಸೇಂಟ್ ರೆಮಿಯಲ್ಲಿ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿದ್ದನು. ತನ್ನ ಕೋಣೆಯ ಕಿಟಕಿಯಿಂದ ಕಂಡದ್ದನ್ನೇ ಬರೆದನು, ಕಿಟಕಿಯ ಸರಳುಗಳನ್ನು ಬಿಟ್ಟನು, ಇಲ್ಲದ ಹಳ್ಳಿಯೊಂದನ್ನು ಸೇರಿಸಿದನು. ನಾವೂ ಕತ್ತಲಾದ ಮೇಲೆ ನಮ್ಮ ಮೇಲ್ಮಾಳಿಗೆಗೆ ಹತ್ತಿದೆವು. ನಕ್ಷತ್ರಗಳು ನಾಲ್ಕೋ ಐದೋ ಇದ್ದುವು. ಆದರೆ ತುಮಕೂರು ರಸ್ತೆಯ ಕಡೆಗೆ, ಎತ್ತರದ ಕಂಬಗಳ ಮೇಲೆ, 2014ರಿಂದ ಓಡುತ್ತಿರುವ ಮೆಟ್ರೋ ರೈಲು ಬೆಳಕಿನ ಕಿಟಕಿಗಳ ಸಾಲಾಗಿ ಹರಿದುಹೋಯಿತು. ಕಿರಿಯವನು ಕಪ್ಪು ಕಾಗದದ ಮೇಲೆ ಹಳದಿಯ ಚೌಕಗಳನ್ನು ಒಂದರ ಹಿಂದೊಂದಾಗಿ ಅಂಟಿಸಿದನು. ಬೆಟ್ಟವಿಲ್ಲದ ಅವನ ಮೊದಲ ಚಿತ್ರವು ಅದು.

ಕತ್ತರಿಯ ಕೆಲಸವನ್ನು ಮಾತಿಸ್ ಎಂಬ ಫ್ರೆಂಚ್ ಚಿತ್ರಕಾರನಿಂದ ಕಲಿತೆವು. 1941ರಲ್ಲಿ, ತನ್ನ 71ನೆಯ ವಯಸ್ಸಿನಲ್ಲಿ, ಅವನಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಹೆಚ್ಚು ಹೊತ್ತು ನಿಂತು ಬರೆಯುವ ಶಕ್ತಿ ಉಳಿಯಲಿಲ್ಲ. ಹಾಸಿಗೆಯಲ್ಲಿಯೋ ಗಾಲಿಯ ಕುರ್ಚಿಯಲ್ಲಿಯೋ ಕುಳಿತುಕೊಂಡು, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದಗಳನ್ನು ಕತ್ತರಿಸಿ, ಅವರ ಕೈಯಿಂದಲೇ ಗೋಡೆಗೆ ಚುಚ್ಚಿಸುತ್ತಿದ್ದನು; ಮೇಲೆ, ಕೆಳಗೆ, ಇನ್ನೂ ಎಡಕ್ಕೆ ಎಂದು ಹೇಳುತ್ತಿದ್ದನು. 1953ರ ಅವನ ‘ಬಸವನಹುಳು’ ಎಂಬ ಚಿತ್ರವು ಹೀಗೆಯೇ ಆದದ್ದು. ಅದು ಹೆಚ್ಚುಕಡಿಮೆ ಒಂಬತ್ತೂವರೆ ಅಡಿಯ ಚೌಕ. ಮಂಡಿಯ ನೋವಿನಿಂದ ನೆಲದ ಮೇಲೆ ಕೂರಲಾರದ ನನಗೆ ಈ ವಿಧಾನವು ಬಹಳ ಹಿಡಿಸಿತು. ಮಕ್ಕಳು ಹಳೆಯ ಪತ್ರಿಕೆಯ ಹಾಳೆಗಳಿಗೆ ಬಣ್ಣ ಬಳಿದು ಒಣಗಿಸಿದರು, ನಾನು ಕುರ್ಚಿಯಲ್ಲಿ ಕುಳಿತು ಕತ್ತರಿಸಿದೆನು, ಅವರು ಅಂಟಿಸಿದರು. ಒಂದೆರಡು ದಿನಗಳೊಳಗೆ ಕತ್ತರಿಯು ಅವರ ಕೈಗೆ ಹೋಯಿತು, ಬಳಿಯುವ ಕೆಲಸ ನನಗೆ ಬಂದಿತು. ಸೀಸದಕಡ್ಡಿಯಲ್ಲಿ ಮೊದಲೇ ಗೆರೆ ಹಾಕದೆ ನೇರವಾಗಿ ಕತ್ತರಿಸಬೇಕೆಂಬುದೊಂದೇ ನಿಯಮ. ಗೆರೆಯಿಲ್ಲದಿದ್ದರೆ ಗೆರೆಯನ್ನು ದಾಟುವ ಭಯವೂ ಇಲ್ಲ. ಹುಡುಗಿಯ ಕೈ ಸಡಿಲವಾದದ್ದು ಇಲ್ಲಿಯೇ ಎಂದು ನನ್ನ ಎಣಿಕೆ.

ಬಣ್ಣದ ವಿಷಯಕ್ಕೆ ಬಂದರೆ, ಅದಕ್ಕಾಗಿ ನಾವು ಪರದೇಶಕ್ಕೆ ಹೋಗಬೇಕಾಗಿಯೇ ಇಲ್ಲ. ಬಂಗಾಳದ ಜಾಮಿನಿ ರಾಯರು (1887–1972) ಕಲ್ಕತ್ತೆಯಲ್ಲಿ ಪಾಶ್ಚಾತ್ಯ ರೀತಿಯ ತೈಲಚಿತ್ರವನ್ನು ಕಲಿತು, ಅದರಲ್ಲಿ ಹೆಸರನ್ನೂ ಪಡೆದು, ಆಮೇಲೆ ಅದೆಲ್ಲವನ್ನೂ ಬಿಟ್ಟು ಹಳ್ಳಿಯ ಪಟಗಾರರ ದಾರಿಯನ್ನು ಹಿಡಿದರು. ಮಣ್ಣು, ದೀಪದ ಮಸಿ, ಹುಣಿಸೆಯ ಬೀಜದ ಅಂಟು ಇವೇ ಅವರ ಸಾಮಗ್ರಿ. ನಮ್ಮ ಶಿವಮೊಗ್ಗ ಜಿಲ್ಲೆಯ ದೀವರ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೂ ಹೀಗೆಯೇ: ಕೆಮ್ಮಣ್ಣಿನ ನೆಲಗಟ್ಟು, ಅಕ್ಕಿಯ ಹಿಟ್ಟಿನ ಬಿಳುಪು, ಹುರಿದು ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ನಾವು ಹುಣಿಸೆಯ ಬೀಜವನ್ನು ಹುರಿದು ಸಿಪ್ಪೆ ತೆಗೆದು, ಒಂದು ರಾತ್ರಿ ನೆನೆಯಿಟ್ಟು ರುಬ್ಬಿ, ನೀರಿನಲ್ಲಿ ಗಂಜಿಯಂತೆ ಕಾಯಿಸಿ ಸೋಸಿಕೊಂಡೆವು. ಇದ್ದಿಲನ್ನು ಅರೆದೆವು. ಅರಿಶಿನಕ್ಕೆ ಚಿಟಿಕೆ ಸುಣ್ಣ ಬೀಳಲು ಕೆಂಪೇರಿತು. ಇದು ಆರತಿಯ ತಟ್ಟೆಯಲ್ಲಿ ನಾವೆಲ್ಲರೂ ನೋಡಿದ್ದೇ, ಆದರೂ ಮಕ್ಕಳು ಚೀರಿದರು. ಶಂಖಪುಷ್ಪದ ನೀಲಿಯ ರಸಕ್ಕೆ ನಿಂಬೆಯ ಹುಳಿ ಬಿದ್ದು ಅದು ನೇರಿಳೆಯಾದಾಗಲಂತೂ ಮನೆಯಲ್ಲಿದ್ದ ನಿಂಬೆಹಣ್ಣುಗಳೆಲ್ಲ ಒಂದೇ ಸಂಜೆಗೆ ತೀರಿದುವು. ಮಾಡಬೇಕೆಂದಿರುವವರಿಗೆ ಒಂದು ಎಚ್ಚರಿಕೆ: ಸುಣ್ಣವನ್ನು ಹಿರಿಯರೇ ಬೆರೆಸತಕ್ಕದ್ದು, ಮಕ್ಕಳ ಕಣ್ಣಿಗೆ ಹಾರಬಾರದು. ಮತ್ತು ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ; ಕಿಟಕಿಯ ಬಳಿ ತೂಗುಹಾಕಿದ ಸೂರ್ಯಕಾಂತಿಯೊಂದು ಕೆಲವೇ ವಾರಗಳಲ್ಲಿ ಮಾಸಿಹೋಯಿತು. ಮಣ್ಣೂ ಇದ್ದಿಲೂ ಹಾಗೆಯೇ ಇವೆ.

ಮಕ್ಸ್ ಅರ್ನ್‌ಸ್ಟ್ ಎಂಬವನ ಆಟವೂ ಒಂದು ವಾರ ನಡೆಯಿತು. 1925ರಲ್ಲಿ ಸಮುದ್ರತೀರದ ಒಂದು ತಂಗುಮನೆಯಲ್ಲಿ ಅವನು ನೆಲಕ್ಕೆ ಹಾಸಿದ ಹಲಗೆಗಳ ಮೇಲೆ ಕಾಗದವನ್ನಿಟ್ಟು ಸೀಸದಿಂದ ಉಜ್ಜಲು, ಮರದ ನರಗಳೆಲ್ಲ ಕಾಗದಕ್ಕೆ ಬಂದುವಂತೆ. ಕಾಗದದ ಕೆಳಗೆ ನಾಣ್ಯವನ್ನಿಟ್ಟು ನಾವೂ ಚಿಕ್ಕಂದಿನಲ್ಲಿ ಮಾಡಿದ್ದೆವು, ಇದು ಕಲೆಯೆಂದು ತಿಳಿದಿರಲಿಲ್ಲ. ಮಕ್ಕಳು ಬೆತ್ತದ ಕುರ್ಚಿ, ಒರಳು, ಹೊಸಲು, ನನ್ನ ಹಳೆಯ ಚಪ್ಪಲಿಯ ಅಟ್ಟೆ ಒಂದನ್ನೂ ಬಿಡಲಿಲ್ಲ.

ಇಷ್ಟೆಲ್ಲ ಆದರೂ ಹುಡುಗಿಯು ಮನೆಯ ಹೊರಗೆ ಕುಳಿತು, ಎದುರಿಗಿರುವುದನ್ನು ನೋಡಿ ಬರೆಯಲು ಒಪ್ಪಿರಲಿಲ್ಲ. ಅದಕ್ಕೆ ರುಮಾಲೆ ಚೆನ್ನಬಸವಯ್ಯನವರು ಬೇಕಾದರು. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ಇವರು ಸ್ವಾತಂತ್ರ್ಯದ ಹೋರಾಟದಲ್ಲಿ ದುಡಿದವರು, ‘ತಾಯಿನಾಡು’ ಪತ್ರಿಕೆಯಲ್ಲಿ ಕೆಲಸಮಾಡಿದವರು, ವಿಧಾನ ಪರಿಷತ್ತಿನ ಸದಸ್ಯರಾಗಿದ್ದವರು. ಕಡೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೆಂಗಳೂರಿನ ಹೂಬಿಟ್ಟ ಮರಗಳ ಚಿತ್ರಕಾರರು. ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ, ಬೀದಿಯ ಬದಿಯಲ್ಲಿ, ಮರದ ಎದುರಿಗೇ ಕುಳಿತು ಬರೆಯುತ್ತಿದ್ದರು. 1988ರಲ್ಲಿ ತೀರಿಕೊಂಡರು. ಅವರ ಗುಲ್‌ಮೊಹರ್, ಜಕರಾಂಡಗಳನ್ನು ತೋರಿಸಿದಾಗ ಹುಡುಗಿಯು ವಿಸ್ಮಯಪಟ್ಟಳು. ಫ್ರಾನ್ಸಿನ ಕಿಟಕಿ, ಜರ್ಮನಿಯ ಕುದುರೆ ಅವಳಿಗೆ ಕಥೆ. ಇದು ಬಸ್ಸಿನಿಂದ ಕಂಡ ಮರ. “ಇವರು ನಮ್ಮ ಊರನ್ನೇ ಬರೆದಿದ್ದಾರೆ” ಎಂದಳು, ನಮ್ಮ ಊರನ್ನು ಬರೆಯಬಹುದು ಎಂದು ಈಗ ತಾನೇ ಗೊತ್ತಾದವಳಂತೆ.

ನಮ್ಮ ಮನೆಯ ಎದುರಿಗೆ ಹೊಂಗೆಯ ಮರವೊಂದಿತ್ತು. ಮರುದಿನವೇ ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು ಕುಳಿತಳು. ನಾನು ನನ್ನ ಉಪಾಧ್ಯಾಯಿನಿಯವರ ನಿಯಮವನ್ನೇ ವಿಧಿಸಿದೆನು: ಹತ್ತು ನಿಮಿಷ ನೋಟ, ಆಮೇಲೆ ಬರಹ. ಮಾಘದಲ್ಲಿ ಎಲೆಯುದುರಿಸಿದ ಕೊಂಬೆಗಳನ್ನು ಬರೆದಳು. ಯುಗಾದಿಯ ಹೊತ್ತಿಗೆ ಬಂದ ಎಳೆಯ ಎಲೆಗಳು ಹಸುರಲ್ಲವೆಂದೂ, ಪೆಟ್ಟಿಗೆಯ ಹಸುರು ಕಡ್ಡಿಯು ಸುಳ್ಳು ಹೇಳುತ್ತದೆಂದೂ ಕಂಡುಕೊಂಡು, ಅರಿಶಿನಕ್ಕೆ ಶಂಖಪುಷ್ಪದ ರಸವನ್ನು ಹನಿಹನಿಯಾಗಿ ಬೆರೆಸಿ ಎರಡು ದಿನ ಹೆಣಗಿದಳು. ಮೊನೆ ಎಂಬ ಚಿತ್ರಕಾರನು 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಬೆಳಗ್ಗೆ, ಸಂಜೆ, ಹಿಮದಲ್ಲಿ ಎಂದು ಮತ್ತೆಮತ್ತೆ ಬರೆದನೆಂದು ಹೇಳಿದ ಮೇಲೆ, ಮಧ್ಯಾಹ್ನದ ಹೊಂಗೆಯನ್ನೂ ಸಂಜೆಯ ಹೊಂಗೆಯನ್ನೂ ಬೇರೆಬೇರೆಯಾಗಿ ಬರೆದಳು. ಸಂಜೆಯದರ ಕಾಂಡವು ನೀಲಿ. ಈ ಸಲ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹೂವು ಉದುರಿ ನೆಲವೆಲ್ಲ ತಿಳಿನೇರಿಳೆಯಾದಾಗ ಮರವನ್ನೇ ಬಿಟ್ಟು ನೆಲವನ್ನು ಬರೆದಳು. ಒಟ್ಟು ಹನ್ನೊಂದು ಚಿತ್ರಗಳಾದುವು.

ಹನ್ನೆರಡನೆಯದಕ್ಕೆ ಮೊದಲು ಮರವು ಹೋಯಿತು. ಚರಂಡಿಯ ಕೆಲಸಕ್ಕೆ ಅಡ್ಡಿಯೆಂದು, ಒಂದು ದಿನ ಮಕ್ಕಳು ಶಾಲೆಯಲ್ಲಿದ್ದಾಗ ಆಳುಗಳು ಬಂದು ಮಧ್ಯಾಹ್ನದೊಳಗೆ ಕಡಿದು ಲಾರಿಗೆ ತುಂಬಿದರು. ನೆರೆಯವರೂ ನಾನೂ ಕೇಳಿದೆವು; ಕಾಗದವಿದೆ ಎಂದರು. ಸಂಜೆ ಬಂದ ಹುಡುಗಿಯು ಅಳಲಿಲ್ಲ. ಒಳಗೆ ಹೋಗಿ ತನ್ನ ಹನ್ನೊಂದು ಚಿತ್ರಗಳನ್ನು ತಂದು ಮೆಟ್ಟಿಲ ಮೇಲೆ ಸಾಲಾಗಿ ಹರಡಿ ನೋಡಿದಳು. ರುಮಾಲೆಯವರು ಬರೆದ ಮರಗಳೆಲ್ಲ ಈಗಲೂ ಇವೆಯೇ ಎಂದು ಕೇಳಿದಳು. ಎಲ್ಲವೂ ಇರಲಾರವು ಎಂದೆನು.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಸದ್ದಾಯಿತೆಂದು ಹೋಗಿ ನೋಡಿದರೆ, ಅಕ್ಕತಮ್ಮಂದಿರಿಬ್ಬರೂ ಮರದ ಬುಡದ ಬಳಿ ಮೊಣಕಾಲೂರಿದ್ದರು. ತಮ್ಮನು ಎರಡು ಕೈಗಳಿಂದಲೂ ದೊಡ್ಡ ಹಾಳೆಯೊಂದನ್ನು ಕೊರಡಿನ ಮೇಲೆ ಬಿಗಿಯಾಗಿ ಹಿಡಿದಿದ್ದನು. ಅಕ್ಕನು ಇದ್ದಿಲಿನ ಚೂರನ್ನು ಅಡ್ಡಲಾಗಿ ಹಿಡಿದು ಮೆಲ್ಲಮೆಲ್ಲನೆ ಉಜ್ಜುತ್ತಿದ್ದಳು. ಹಸಿಯ ಮರವಾದುದರಿಂದ ಹಾಳೆಯು ಎರಡು ಕಡೆ ನೆನೆದು ಹರಿಯಿತು; ಇನ್ನೊಂದನ್ನು ತಂದರು. ಕತ್ತಲಾಗುವವರೆಗೆ ಕೆಲಸ ನಡೆಯಿತು. ಆ ಹಾಳೆಯು ಈಗ ನಮ್ಮ ನಡುಮನೆಯಲ್ಲಿ ಉಳಿದ ಹನ್ನೊಂದರ ಪಕ್ಕದಲ್ಲಿ ತೂಗುತ್ತಿದೆ. ನೋಡಲು ಬಂದವರು ಉಂಗುರಗಳನ್ನು ಎಣಿಸಲು ಪ್ರಯತ್ನಿಸುತ್ತಾರೆ. ಅವು ನಡುವಿನಲ್ಲಿ ಮಸಕಾಗಿವೆ. ಉಂಗುರಗಳಿಗಿಂತಲೂ ಗರಗಸದ ಗೆರೆಗಳೇ ಹೆಚ್ಚು ಸ್ಪಷ್ಟವಾಗಿ ಮೂಡಿವೆ.