ಅಟ್ಟದ ಮೇಲಿನ ಓಲೆಕಟ್ಟು

ಮಕ್ಕಳೇ, ಮೊದಲು ಒಂದು ಲೆಕ್ಕ. 16ನ್ನು ಅರ್ಧ ಮಾಡಿ. ಬಂದದ್ದನ್ನು ಮತ್ತೆ ಅರ್ಧ ಮಾಡಿ. ಹೀಗೆ ಎಷ್ಟು ಸಲ ಮಾಡಿದರೆ 1 ಉಳಿಯುತ್ತದೆ? ನಾಲ್ಕು ಸಲ. 32 ಆದರೆ ಐದು ಸಲ. ಈ ಎಣಿಕೆಗೆ ಹಿಂದಿನವರು ಇಟ್ಟ ಹೆಸರು ‘ಅರ್ಧಚ್ಛೇದ’. ದೊಡ್ಡ ತರಗತಿಗೆ ಹೋದಾಗ ಇದನ್ನೇ ನೀವು ಲಾಗರಿದಮ್ ಪಾಠದಲ್ಲಿ ಕಲಿಯುತ್ತೀರಿ.

ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನನಗೆ ಈ ಮಾತು ತಿಳಿದದ್ದು ನಿವೃತ್ತಿಯಾದ ಮೇಲೆ. ಅರ್ಧಚ್ಛೇದದ ವಿಷಯ ಇರುವ ಗ್ರಂಥ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಅದು ಉಳಿದುಬಂದದ್ದು ಎಲ್ಲಿ ಗೊತ್ತೇ? ಬಂಟ್ವಾಳದಿಂದ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ತಲುಪುವ ನಮ್ಮ ಮೂಡುಬಿದಿರೆಯಲ್ಲಿ!

ಆ ಗ್ರಂಥದ ಹೆಸರು ‘ಧವಲಾ’. ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಜೈನ ಮುನಿಗಳು ಪ್ರಾಕೃತದಲ್ಲಿ ರಚಿಸಿದ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ವ್ಯಾಖ್ಯಾನ ಅದು. ಮೂಡುಬಿದಿರೆಯ ಓಲೆಗಳ ಮೇಲಿನ ಲಿಪಿ ಮಾತ್ರ ಹಳಗನ್ನಡದ್ದು. ಬೇರೆ ಕಡೆ ಇದರ ಹಳೆಯ ಪ್ರತಿಗಳು ಕಾಣೆಯಾದವು. ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಉಳಿದವು. ದೂರದೂರದ ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಓದಬಲ್ಲವರು ತೀರ ಕಡಿಮೆ.

19ನೇ ಶತಮಾನದ ಕೊನೆಯಲ್ಲಿ ಓಲೆಗಳನ್ನು ನೋಡಿ ಕಾಗದಕ್ಕೆ ನಕಲು ಮಾಡುವ ಕೆಲಸ ಶುರುವಾಯಿತು. ಡಾ. ಹೀರಾಲಾಲ್ ಜೈನ್ ಅವರು ಸಂಪಾದಿಸಿದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಎಲ್ಲ 16 ಸಂಪುಟ ಮುಗಿಯಲು ಸುಮಾರು 20 ವರ್ಷ ಬೇಕಾಯಿತು. ಲಖನೌದ ಗಣಿತ ವಿದ್ವಾಂಸ ಅವಧೇಶ್ ನಾರಾಯಣ ಸಿಂಗ್ ಅವರು ಅದರೊಳಗಿನ ಗಣಿತವನ್ನು ಲೋಕಕ್ಕೆ ಪರಿಚಯಿಸಿದರು. ಮೂಡುಬಿದಿರೆಯ ಭಂಡಾರಗಳಲ್ಲಿ ಇನ್ನೂ ಏನೇನಿದೆ ಎಂದು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಪಟ್ಟಿ ಮಾಡಿದರು. ಅದು 1948ರಲ್ಲಿ ಪುಸ್ತಕವಾಗಿ ಬಂತು. ಪಟ್ಟಿ ಮಾಡುವುದೂ ಒಂದು ಸಂಶೋಧನೆಯೇ.

ನಮ್ಮೂರಿನ ಮಳೆ ನಿಮಗೆ ಗೊತ್ತಲ್ಲ? ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥಲ್ಲಿ ಓಲೆ ಉಳಿದದ್ದು ಹೇಗೆ? ಶ್ರೀತಾಳೆ ಮರದ ಎಳೆಯ ಗರಿಗಳನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡುತ್ತಿದ್ದರು. ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು ಮಸಿ ತಿಕ್ಕುತ್ತಿದ್ದರು. ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಬಟ್ಟೆ ಸುತ್ತುತ್ತಿದ್ದರು. ಓಲೆ ಜೀರ್ಣವಾಗುವ ಮೊದಲೇ ಯಾರೋ ಒಬ್ಬರು ಕುಳಿತು ಹೊಸ ಓಲೆಗೆ ನಕಲು ಮಾಡಬೇಕಿತ್ತು. ಒಂದು ತಲೆಮಾರು ‘ನಮಗೆ ಯಾಕೆ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಇದನ್ನು ಓದಿದ್ದರಿಂದಲೇ ಎರಡು ವರ್ಷದ ಹಿಂದೆ ನಾನು ತವರಿನಲ್ಲಿ ಸ್ವಲ್ಪ ಹಟ ಹಿಡಿದೆ. ಬೆಳ್ತಂಗಡಿ ಕಡೆಯ ನಮ್ಮ ಹಳೇ ಮನೆ ಕೆಡವುವಾಗ ಅಡುಗೆಮನೆಯ ಅಟ್ಟದಲ್ಲಿ ಹೊಗೆ ಹಿಡಿದ ಒಂದು ಓಲೆಕಟ್ಟು ಸಿಕ್ಕಿತು.

“ಅತ್ತೆ, ಇದು ಯಾರಿಗೂ ಓದಲು ಬರುವುದಿಲ್ಲ. ನೇತ್ರಾವತಿಗೆ ಬಿಟ್ಟುಬಿಡುವ” ಎಂದ ಅಣ್ಣನ ಮಗ. ಹಾಗೆ ಹೇಳಿದ್ದು ಭಕ್ತಿಯಿಂದಲೇ. ಹಳೆಯ ಗ್ರಂಥಗಳನ್ನು ಹೊಳೆಗೆ ಬಿಡುವ ಕ್ರಮ ಅನೇಕ ಮನೆಗಳಲ್ಲಿ ಇತ್ತು.

“ನನಗೆ ಒಂದು ಮಳೆಗಾಲದ ಅವಧಿ ಕೊಡು ಮಾರಾಯ, ಆಮೇಲೆ ನೋಡುವ” ಎಂದೆ.

ಅಕ್ಷರ ತುಳು ಲಿಪಿಯದ್ದು. ಆ ಲಿಪಿ ಬಲ್ಲ ಹಿರಿಯರೊಬ್ಬರನ್ನು ಹುಡುಕಿದೆವು. ಅವರು ಭೂತಗನ್ನಡಿ ಹಿಡಿದು ದಿನಕ್ಕೆ ಎರಡು ಮೂರು ಗರಿ ಓದಿದರು. ಮೊದಲು ಕೆಲವು ಸ್ತೋತ್ರಗಳು. ಆಮೇಲೆ ದನದ ಕಾಯಿಲೆಗೆ ಮದ್ದು. ಕೊನೆಯಲ್ಲಿ ಅಕ್ಕಿಯ ಲೆಕ್ಕ. ಐದು ಮನೆಗಳಿಗೆ ಅಕ್ಕಿ ಮುಡಿ ಕೊಟ್ಟದ್ದು ಬರೆದು, ಅದನ್ನು ತಿರುಗಿ ಕೇಳಬಾರದು ಎಂದಿತ್ತು. ಆ ಐದರಲ್ಲಿ ಒಂದು ಮನೆಯವರು ಇಂದಿಗೂ ನಮ್ಮ ನೆರೆಕರೆ. ಅಣ್ಣನ ಮಗ ಆ ಗರಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಸುಮ್ಮನಿದ್ದ. ಮತ್ತೆ ಹೊಳೆಯ ಮಾತು ಎತ್ತಲಿಲ್ಲ.

ನಮ್ಮದು ಧವಲಾದಂಥ ದೊಡ್ಡ ಗ್ರಂಥವಲ್ಲ. ಆದರೆ ಯಾವ ಕಟ್ಟಿನಲ್ಲಿ ಏನಿದೆ ಎಂದು ಬಿಚ್ಚದೆ ಹೇಳುವುದು ಹೇಗೆ? ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಕಾಸರಗೋಡು ಕಡೆಯ ವೆಂಕಟರಾಜ ಪುಣಿಂಚತ್ತಾಯರು ಇಂಥ ಓಲೆಗಳಿಂದಲೇ ‘ಶ್ರೀ ಭಾಗವತೊ’ ಕಾವ್ಯವನ್ನು ಬೆಳಕಿಗೆ ತಂದರು.

ಅಜ್ಜ ಅಜ್ಜಿಯಂದಿರೇ, ನಿಮ್ಮ ಮನೆಯಲ್ಲಿ ಓಲೆಕಟ್ಟು ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಮೂಡುಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲೂ ಧರ್ಮಸ್ಥಳದಲ್ಲೂ ಓಲೆಗ್ರಂಥಗಳ ಸಂಗ್ರಹವಿದೆ. ಅಲ್ಲಿ ಹೋಗಿ ವಿಚಾರಿಸಬಹುದು. ಮಕ್ಕಳೇ, ನಿಮಗೂ ಕೆಲಸ ಉಂಟು. ಮೊಬೈಲಿನಲ್ಲಿ ಒಂದೊಂದೇ ಗರಿಯ ಫೋಟೋ ತೆಗೆದು, ಸಂಖ್ಯೆ ಹಾಕಿ ಇಡಿ. ನನ್ನ ಮೊಮ್ಮಗ ಹಾಗೆ ಮಾಡುತ್ತಾ ತುಳು ಲಿಪಿಯ ಹನ್ನೆರಡು ಅಕ್ಷರ ಕಲಿತಿದ್ದಾನೆ. ನನಗೆ ಈಗ ಒಂಬತ್ತು ಬರುತ್ತದೆ. ಉಳಿದ ಮೂರನ್ನು ಅವನೇ ನನಗೆ ಹೇಳಿಕೊಡುತ್ತಿದ್ದಾನೆ.