ತಪ್ಪಿಗೆ ಯಾವ ಶಾಸ್ತ್ರ?

ಕೆಸರೆಯ ಮನೆಯಲ್ಲಿ ಈ ವಾರ ಎರಡು ಕಪ್ಪುಬಿಳುಪು ಚಿತ್ರ ನೋಡಿದೆ. ಒಂದು ವೋಲ್ಫ್‌ಗಾಂಗ್ ಶ್ಟೌಟೆಯ 1946ರ ಜರ್ಮನ್ ಚಿತ್ರ, ‘ಕೊಲೆಗಾರರು ನಮ್ಮ ನಡುವೆಯೇ ಇದ್ದಾರೆ’. ಇನ್ನೊಂದು ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’, 1970.

ಮೊದಲನೆಯದರಲ್ಲಿ ಯುದ್ಧದಿಂದ ಮರಳಿದ ವೈದ್ಯ ಪಾಳುಬಿದ್ದ ಬರ್ಲಿನ್‌ನಲ್ಲಿ ಕುಡಿದು ಅಲೆಯುತ್ತಾನೆ. 1942ರ ಕ್ರಿಸ್‌ಮಸ್ ಹಿಂದಿನ ದಿನ ಪೋಲೆಂಡಿನಲ್ಲಿ ಅಮಾಯಕರನ್ನು ಕೊಲ್ಲಿಸಿದ ಅವನ ಕ್ಯಾಪ್ಟನ್, ಸೈನಿಕರ ಉಕ್ಕಿನ ಟೋಪಿಗಳಿಂದ ಪಾತ್ರೆ ಮಾಡಿಸಿ ಮಾರುತ್ತ ಹಾಯಾಗಿದ್ದಾನೆ. ಕೊಲೆ ತಡೆಯಲಾಗದವನಿಗೆ ನಿದ್ದೆಯಿಲ್ಲ, ಮಾಡಿಸಿದವನಿಗೆ ಉಂಟು.

‘ಸಂಸ್ಕಾರ’ದಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಬಿದ್ದಿದೆ. ಸುಡುವವರು ಯಾರು? ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯ (ಗಿರೀಶ ಕಾರ್ನಾಡ) ಗ್ರಂಥಗಳನ್ನು ಹುಡುಕುತ್ತಾನೆ, ಮಾರುತಿಯನ್ನು ಕೇಳುತ್ತಾನೆ. ಎರಡೂ ಕಡೆ ಉತ್ತರವಿಲ್ಲ. ಅಷ್ಟರಲ್ಲಿ ಪ್ಲೇಗು ಹೆಂಡತಿಯನ್ನೂ ಒಯ್ಯುತ್ತದೆ, ನಾರಣಪ್ಪನ ಸಂಗಾತಿ ಚಂದ್ರಿಯ ಜೊತೆ ಕಳೆದ ರಾತ್ರಿ ಎದೆಯಲ್ಲಿ ಕೂತಿರುತ್ತದೆ.

ಮೈಸೂರಿನಲ್ಲಿ ಓದಿ, ಪಾಠ ಹೇಳಿದ ಯು. ಆರ್. ಅನಂತಮೂರ್ತಿಯವರು ಈ ಚಿತ್ರದ ಮೂಲ ಕಾದಂಬರಿ ಬರೆದದ್ದು ಇಂಗ್ಲೆಂಡಿನಲ್ಲಿ, ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ನೋಡಿದ ಮೇಲೆ. ‘ಸಂಸ್ಕಾರ’ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು, ಕನ್ನಡಕ್ಕೆ ಮೊದಲನೆಯದು.

ಎರಡೂ ಚಿತ್ರಗಳಲ್ಲಿ ಪಾಪಪ್ರಜ್ಞೆ ಕಾಡುವುದು ಮನಸ್ಸಾಕ್ಷಿ ಇದ್ದವರನ್ನೇ. ಆದರೆ ನನ್ನ ಲೆಕ್ಕದಲ್ಲಿ ‘ಸಂಸ್ಕಾರ’ದ ದೊಡ್ಡ ಜೀವ ಆಚಾರ್ಯನಲ್ಲ, ಚಂದ್ರಿ. ಎಲ್ಲರೂ ಧರ್ಮ ಚರ್ಚಿಸುತ್ತಿದ್ದಾಗ ಯಾರ ಅಪ್ಪಣೆಗೂ ಕಾಯದೆ ಹೆಣ ಸುಡಿಸಿದವಳು ಅವಳೊಬ್ಬಳೇ. ನೋಡಿಲ್ಲದವರು ನೋಡಿ, ನೋಡಿದವರು ಈ ಸಲ ಅವಳನ್ನೇ ಗಮನಿಸಿ ನೋಡಿ.